ಜೋಡಿಯ ಆಯ್ಕೆ

ನಮ್ಮ ಜನ ‘ಟ್ರಾನ್ಸಿಸ್ಟರು’ ಎಂಬ ಮಾತಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ರೇಡಿಯೋ ಎಂಬ ಅರ್ಥ ಕೊಟ್ಟು ಬಹಳ ಕಾಲವಾಯಿತು. ಅಂಶದ ಹೆಸರು ಅಂಶಿಗೆ ಅಂಟಿಕೊಂಡಿತು; ಆಲಂಕಾರಿಕರು ಇದನ್ನು ಲಕ್ಷಣೆ ಎಂದಾರು. ಆದರೆ ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಆ ಮೂರು ಕಾಲಿನ ಪ್ರಾಣಿಯ ನಿಜವಾದ ಪರಿಚಯ ಬೇಕಾದರೆ ಒಂದು ಸಣ್ಣ ಆಂಪ್ಲಿಫೈಯರನ್ನು ಕೈಯಾರ ಕಟ್ಟಬೇಕು. ಅದರಲ್ಲಿಯೂ ಕಟ್ಟಕಡೆಗೆ ನಿಂತು ಸ್ಪೀಕರಿನ ಭಾರ ಹೊರುವ ಎರಡು ಟ್ರಾನ್ಸಿಸ್ಟರುಗಳನ್ನು ತಾನೇ ಆರಿಸಬೇಕು.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಕಾರಣ ನಮ್ಮ ತಾಯಿ. ಅವರ ಅಣ್ಣ, ಎಂದರೆ ನಮ್ಮ ಸೋದರಮಾವ, ಗಮಕಿಗಳು. ದೊಡ್ಡ ಸಭೆಗಳ ಗಮಕಿಗಳಲ್ಲ. ರಾತ್ರಿ ಊಟವಾದ ಮೇಲೆ ಊರ ಗುಡಿಯ ಜಗಲಿಯಲ್ಲಿ ಕುಳಿತು ಭಾರತ ಓದುತ್ತಿದ್ದವರು. ಅವರು ತೀರಿಕೊಂಡು ಹತ್ತು ವರ್ಷಗಳಾದುವು. ಉಳಿದಿರುವುದು ಐದು ಕ್ಯಾಸೆಟ್ಟುಗಳು. ಅವರದು ತಗ್ಗಿದ ದನಿ. ಷಟ್ಪದಿಯ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅದು ಇನ್ನೂ ಇಳಿದು ಪಿಸುಮಾತಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಕಿವಿಗೆ ಸಿಕ್ಕಿಸಿಕೊಂಡು ಕೇಳುವುದು ತಾಯಿಗೆ ಒಗ್ಗದು. “ಅಣ್ಣಯ್ಯ ಎದುರಿಗೆ ಕೂತು ಓದಿದ ಹಾಗಿರಬೇಕಪ್ಪ, ತಲೆಯೊಳಗೆ ಕೂತಲ್ಲ” ಎನ್ನುತ್ತಾರೆ.

ಕೊನೆಯ ಈ ಎರಡು ಟ್ರಾನ್ಸಿಸ್ಟರುಗಳ ಕೆಲಸ ಮರ ಕೊಯ್ಯುವ ದೊಡ್ಡ ಗರಗಸದ ಎರಡು ತುದಿ ಹಿಡಿದವರ ಕೆಲಸ. ದನಿಯ ಅಲೆ ಮೇಲೇರಿದಾಗ ಎನ್‌ಪಿಎನ್ ಜಾತಿಯದು ಸ್ಪೀಕರಿಗೆ ವಿದ್ಯುತ್ತನ್ನು ತಳ್ಳುತ್ತದೆ. ಕೆಳಗಿಳಿದಾಗ ಪಿಎನ್‌ಪಿ ಜಾತಿಯದು ಸೆಳೆದುಕೊಳ್ಳುತ್ತದೆ. ತೊಡಕಿರುವುದು ಕೈ ಬದಲಾಗುವ ಕ್ಷಣದಲ್ಲಿ. ಸಿಲಿಕಾನ್ ಟ್ರಾನ್ಸಿಸ್ಟರು ಸುಮಾರು ೦.೬ ವೋಲ್ಟ್ ಕಾಣುವ ತನಕ ಕಣ್ಣು ತೆರೆಯುವುದಿಲ್ಲ. ಒಂದು ಮಲಗಿ ಇನ್ನೊಂದು ಏಳುವುದರೊಳಗೆ ಅಲೆಯ ನಡುವೆ ಒಂದು ಕಚ್ಚು ಬೀಳುತ್ತದೆ. ಗಟ್ಟಿ ದನಿಯಲ್ಲಿ ಆ ಕಚ್ಚು ಮುಚ್ಚಿಹೋಗುತ್ತದೆ. ತಗ್ಗಿದ ದನಿಯನ್ನು ಅದು ಕರಕರ ಎನ್ನಿಸುತ್ತದೆ. ನಮ್ಮ ಮಾವನವರ ಕೊನೆಯ ಸಾಲು ಕೆಡುವುದು ಇಲ್ಲಿಯೇ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾತ ನನ್ನ ಮಾತು ಮುಗಿಯುವ ಮೊದಲೇ ಲೋಹದ ಟೋಪಿ ಹಾಕಿದ ೨ಎನ್೩೦೫೫ ಒಂದನ್ನು ಗಾಜಿನ ಮೇಲಿಟ್ಟ. “ಇದನ್ನೇ ಹಾಕಿ ಸಾರ್. ಆನೆ ಇದ್ದ ಹಾಗೆ.” ಮಾತು ಸುಳ್ಳಲ್ಲ. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊರತಂದ ಈ ಟ್ರಾನ್ಸಿಸ್ಟರಿಗೆ ೬೦ ವೋಲ್ಟ್, ೧೫ ಆಂಪಿಯರ್, ೧೧೫ ವ್ಯಾಟ್ ಎಂಬ ಬಿರುದುಗಳಿವೆ. ಶಾಸನ ಓದಿ ಅಭ್ಯಾಸವಿರುವವರಿಗೆ ಬಿರುದಾವಳಿಯನ್ನು ಎಷ್ಟು ನಂಬಬೇಕೆಂಬುದು ಗೊತ್ತು. ೧೧೫ ವ್ಯಾಟ್ ಎಂಬುದು ಅದರ ಮೈಯನ್ನು ೨೫ ಡಿಗ್ರಿಯಲ್ಲಿ ಕಾಪಾಡಿದರೆ ಮಾತ್ರ ಸಲ್ಲುವ ಮಾತು. ಮೈ ೧೦೦ ಡಿಗ್ರಿಗೆ ಏರಿದರೆ ಸುಮಾರು ೬೫ಕ್ಕೆ ಇಳಿಯುತ್ತದೆ. ೨೦೦ಕ್ಕೆ ಏರಿದರೆ ಸೊನ್ನೆ.

ನನಗೆ ಬೇಕಾದದ್ದಾದರೂ ಎಷ್ಟು? ಒಂದು ಕೋಣೆಗೆ ೧೦ ವ್ಯಾಟ್ ಧಾರಾಳ. ೮ ಓಮಿನ ಸ್ಪೀಕರಿಗೆ ಅಷ್ಟು ಕೊಡಲು ಅಲೆಯ ತುದಿಯಲ್ಲಿ ೧೨.೬ ವೋಲ್ಟ್, ೧.೬ ಆಂಪಿಯರ್ ಸಾಕು. ಕೆಲವು ಸ್ವರಗಳಲ್ಲಿ ಸ್ಪೀಕರಿನ ತಡೆ ತಗ್ಗುವುದರಿಂದ ೩ ಆಂಪಿಯರ್ ಎಂದಿಟ್ಟುಕೊಳ್ಳೋಣ. ಧನ ೧೭, ಋಣ ೧೭ ವೋಲ್ಟಿನ ಸರಬರಾಜಿನಲ್ಲಿ ಒಂದೊಂದು ಟ್ರಾನ್ಸಿಸ್ಟರಿನೊಳಗೆ ಹುಟ್ಟುವ ಶಾಖ ಹೆಚ್ಚೆಂದರೆ ೪ ವ್ಯಾಟಿನ ಆಸುಪಾಸು. ಅನುಮಾನಕ್ಕೆಂದು ೮ ಎನ್ನಿ. ಇದಕ್ಕೆ ಆನೆ ಏಕೆ? ನಾನು ಆರಿಸಿದ್ದು ಟಿಪ್-೪೧ಸಿ ಮತ್ತು ಅದರ ಜೋಡಿ ಟಿಪ್-೪೨ಸಿ: ೧೦೦ ವೋಲ್ಟ್, ೬ ಆಂಪಿಯರ್, ೬೫ ವ್ಯಾಟ್, ಚಪ್ಪಟೆ ಮೈ, ಬಿಗಿಯಲು ಒಂದೇ ತಿರುಪು.

ಚಪ್ಪಟೆ ಮೈಗೂ ಮಾವನವರ ದನಿಗೂ ಸಂಬಂಧವಿದೆ. ಕಚ್ಚು ಹೋಗಬೇಕಾದರೆ ಎರಡನ್ನೂ ಅರೆ ಎಚ್ಚರದಲ್ಲಿ ಇಡಬೇಕು. ದನಿಯಿಲ್ಲದ ಹೊತ್ತಿನಲ್ಲಿಯೂ ೨೦–೩೦ ಮಿಲಿಆಂಪಿಯರ್ ಹರಿಯುತ್ತಿರಬೇಕು. ಆದರೆ ಟ್ರಾನ್ಸಿಸ್ಟರು ಬಿಸಿಯಾದಂತೆಲ್ಲ ಆ ೦.೬ ವೋಲ್ಟ್ ಡಿಗ್ರಿಗೆ ಸುಮಾರು ೨ ಮಿಲಿವೋಲ್ಟಿನಂತೆ ತಗ್ಗುತ್ತದೆ. ಹರಿವು ಏರುತ್ತದೆ, ಹರಿವು ಏರಿದರೆ ಬಿಸಿ ಏರುತ್ತದೆ, ಕೋಪಕ್ಕೆ ಕೋಪ ಕೂಡಿದ ಹಾಗೆ ಬೆಳೆದು ಕೊನೆಗೆ ಸುಟ್ಟುಕೊಂಡೇ ನಿಲ್ಲುತ್ತದೆ. ಬಿಸಿಯ ಸುದ್ದಿ ತಿಳಿದು ಲಗಾಮು ಎಳೆಯುವ ಮೂರನೆಯದೊಂದು ಸಣ್ಣ ಟ್ರಾನ್ಸಿಸ್ಟರನ್ನು ಅದೇ ಅಲ್ಯೂಮಿನಿಯಂ ಹೀಟ್ ಸಿಂಕಿನ ಮೇಲೆ ಇವೆರಡರ ನಡುವೆ ಕೂರಿಸುವುದೇ ಇದಕ್ಕೆ ಮದ್ದು. ನಾನು ಬಿಡಿ-೧೩೯ ಕೂರಿಸಿದೆ. ಮೂರೂ ಚಪ್ಪಟೆಯಾದ್ದರಿಂದ, ಅಭ್ರಕದ ತೆಳುಹಾಳೆಯ ಮೇಲೆ, ಒಂದೇ ಹಲಗೆಗೆ ಬೆನ್ನು ಕೊಟ್ಟು ನೆರೆಹೊರೆಯವರಂತೆ ಕುಳಿತುವು. ಎರಡು ತಿರುಪು ಬೇಡುವ ಟೋಪಿಯ ದೊಡ್ಡವರನ್ನು ಹೀಗೆ ಕೂರಿಸುವುದು ಹೆಚ್ಚಿನ ಶ್ರಮ.

ಜೋಡಿ ಎಂದ ಮೇಲೆ ಹೊಂದಾಣಿಕೆಯನ್ನೂ ನೋಡಬೇಕು. ಪಿಎನ್‌ಪಿ ಜಾತಿಯ ದೊಡ್ಡ ಸಿಲಿಕಾನ್ ಟ್ರಾನ್ಸಿಸ್ಟರು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಹಳಬರು ಎರಡು ೨ಎನ್೩೦೫೫ಗಳನ್ನೇ ಕೂಡಿಸಿ, ಒಂದಕ್ಕೆ ಸ್ತ್ರೀವೇಷ ಹಾಕಿಸಿ ಆಟ ನಡೆಸಿದರು. ಆಟ ಚೆನ್ನಾಗಿಯೇ ನಡೆಯಿತು. ಅದಕ್ಕೂ ಎಂಜೆ೨೯೫೫ ಎಂಬ ಜೊತೆ ಆಮೇಲೆ ಬಂತು. ಆದರೆ ಹೆಸರು ಮಾಡಿದವರಿಗೆ ನಕಲಿಗಳೂ ಹೆಚ್ಚು: ಟೋಪಿ ದೊಡ್ಡದು, ಒಳಗಿನ ಸಿಲಿಕಾನ್ ಚೂರು ಚಿಕ್ಕದು. ಹೊರಗಿನಿಂದ ತಿಳಿಯದು. ನಾನು ಎರಡು ಜಾತಿಯವನ್ನೂ ನಾಲ್ಕು ನಾಲ್ಕು ತಂದು, ಒಂದೇ ಹರಿವಿನಲ್ಲಿ ಅಳೆದು, ಗುಣ ಹತ್ತಿರ ಬಂದ ಎರಡನ್ನು ಕೂಡಿಸಿದೆ.

ಆ ರಾತ್ರಿ ತಾಯಿ ಒಂದು ಕ್ಯಾಸೆಟ್ಟು ಪೂರ್ತಿ ಕೇಳಿದರು. “ಅಣ್ಣಯ್ಯ ಉಸಿರು ತೊಗೊಳ್ಳೋದೂ ಕೇಳಿಸ್ತಪ್ಪ” ಎಂದಷ್ಟೇ ಹೇಳಿ ಮಲಗಲು ಹೋದರು. ಹೀಟ್ ಸಿಂಕನ್ನು ಮುಟ್ಟಿ ನೋಡಿದೆ, ಉಗುರುಬೆಚ್ಚಗಿತ್ತು.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದ. ತರಗತಿಯಲ್ಲಿ ಅದನ್ನು ವಿವರಿಸುವಾಗ ಉದಾಹರಣೆಗೆ ತಡಕಾಡಬೇಕಾಗಿಲ್ಲ ಈಗ. ಅಂದು ಅಂಗಡಿಯಾತನ ಮನಸ್ಸು ನೋಯಿಸಬಾರದೆಂದು ಅವನ ಆನೆಯನ್ನೂ ಒಂದು ಕೊಂಡುತಂದಿದ್ದೆ. ಫ್ಯಾನಿನ ಗಾಳಿಗೆ ನನ್ನ ಟಿಪ್ಪಣಿಯ ಚೀಟಿಗಳು ಹಾರದಂತೆ ಅದು ಮೇಜಿನ ಮೇಲೆ ಕುಳಿತಿದೆ. ಆ ಕೆಲಸಕ್ಕೆ ಅದರ ತೂಕ ಸರಿಯಾಗಿದೆ.