ಬೆಳಕಿಲ್ಲದ ಕಿಟಕಿಗಳ ಊರು



ಅಕ್ಕಲಕೋಟೆಯ ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು ನಾವು. ಮೆಟ್ರಿಕ್ ಮುಗಿಸಿ ಗಲ್ಲಾದ ಮುಂದೆ ಕುಳಿತ ಮೇಲೆ ಸಮ್ಮೇದ ಶಿಖರ, ಶ್ರವಣಬೆಳಗೊಳ ಬಿಟ್ಟರೆ ಹೆಚ್ಚು ದೂರ ಹೋದದ್ದಿಲ್ಲ. ಅಂಥ ನಾವು ದಂಪತಿಗಳು 2024ರ ನವೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಅಳಿಯಂದಿರು ಅಲ್ಲಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಡಾಕ್ಟರು. "ಅಪ್ಪಾಜಿ, ಈಸ್ಟರ್ ಹಬ್ಬದೊಳಗ ಮನಿ ಖಾಲಿ ಮಾಡ್ಬೇಕಂತ್ರಿ. ಬ್ಯಾರೆ ಮನಿ ಸಿಗವಲ್ದು" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಒಮ್ಮೆ ಕಣ್ಣಾರೆ ನೋಡಿಬರೋಣವೆಂದು ಹೊರಟೆವು.

ಲಂಡನ್ನಿನಿಂದ ಪಶ್ಚಿಮಕ್ಕೆ ಐದು ತಾಸಿಗೂ ಮೇಲೆ ರೈಲು. ಸೇಂಟ್ ಅರ್ತ್ ಎಂಬಲ್ಲಿ ಇಳಿದು ಪುಟ್ಟ ಗಾಡಿ ಹತ್ತಬೇಕು. ಅದು ಕಡಲಿನ ಅಂಚಿನಲ್ಲೇ ಸಾಗಿ ಸೇಂಟ್ ಐವ್ಸ್ ಮುಟ್ಟಿಸುತ್ತದೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಈ ಸೀಮೆಗೆ ಪೆನ್‌ವಿತ್ ಎಂದು ಹೆಸರು. ಕಲ್ಲುಬೇಲಿಯ ಸಣ್ಣ ಸಣ್ಣ ಹೊಲಗಳು, ಮೇಯುವ ದನಗಳು, ಕಗ್ಗಲ್ಲಿನ ಮನೆಗಳು. ಸೇಂಟ್ ಐವ್ಸ್ ಮೊದಲು ಮೀನುಗಾರರ ಊರು. 1877ರಲ್ಲಿ ರೈಲು ಬಂತು, ಹಿಂದೆಯೇ ಚಿತ್ರಕಾರರು, ಪ್ರವಾಸಿಗಳು ಬಂದರು. 1993ರಲ್ಲಿ ಟೇಟ್ ಕಲಾಭವನವೂ ತೆರೆಯಿತು. ಬೇಸಿಗೆಯಲ್ಲಿ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ.

ನಾವು ಹೋದದ್ದು ಚಳಿಗಾಲದ ಬಾಯಲ್ಲಿ. ಅಲ್ಲಿ ನವೆಂಬರಿನಲ್ಲಿ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮನೆಯಿಂದ ಒಯ್ದ ಹಿಟ್ಟು, ಬೇಳೆಗಳಿಂದ ನಾಲ್ಕಕ್ಕೆಲ್ಲ ಊಟ ಮುಗಿಸುತ್ತಿದ್ದೆವು. ಅಲ್ಲಿನ ಹೆಸರಾಂತ ತಿನಿಸು ಪೇಸ್ಟಿಯಲ್ಲಿ ಮಾಂಸ, ಆಲೂಗಡ್ಡೆ, ಈರುಳ್ಳಿ. ನಮಗೆ ಸಲ್ಲುವ ವಸ್ತು ಒಂದೂ ಇಲ್ಲ. ಊಟವಾದ ಮೇಲೆ ಮಾಡಲು ಕೆಲಸವಿಲ್ಲದೆ ಓಣಿಯಲ್ಲಿ ಅಡ್ಡಾಡುತ್ತಿದ್ದೆವು. ಮೊದಲ ಸಂಜೆಯೇ ನಮ್ಮ ಮನೆಯವರು "ಇಷ್ಟು ಮನಿ ಅದಾವು, ದೀಪನ ಇಲ್ಲಲ್ರಿ" ಎಂದರು. ಎಣಿಸಿದೆವು. ಇಪ್ಪತ್ತು ಮನೆಗಳ ಓಣಿಯಲ್ಲಿ ಬೆಳಕಿದ್ದದ್ದು ಐದರಲ್ಲಿ. ಉಳಿದ ಬಾಗಿಲುಗಳ ಪಕ್ಕದಲ್ಲಿ ಅಂಕಿ ತಿರುಗಿಸಿ ತೆರೆಯುವ ಚಿಕ್ಕ ಡಬ್ಬಿ. ಅದರೊಳಗೆ ಕೀಲಿಕೈ ಇಟ್ಟಿರುತ್ತಾರೆ. ಪ್ರವಾಸಿಗಳು ಬಂದು ತಾವೇ ತೆಗೆದುಕೊಳ್ಳಬೇಕು. ಮಾಲಕರ ಮುಖ ನೋಡುವ ಪ್ರಸಂಗವೇ ಇಲ್ಲ.

ಇವು ದೂರದ ಊರುಗಳ ಹಣವಂತರ ಎರಡನೆಯ ಮನೆಗಳು ಅಥವಾ ವಾರದ ಬಾಡಿಗೆಯ ಮನೆಗಳು. 2011ರ ಹೊತ್ತಿಗೇ ಈ ಊರಿನ ನಾಲ್ಕರಲ್ಲಿ ಒಂದರಷ್ಟು ಮನೆಗಳಲ್ಲಿ ಕಾಯಂ ವಾಸಿಗಳಿರಲಿಲ್ಲ. ಮಗಳ ಮನೆಯದೂ ಅದೇ ಕಥೆ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಬಾಡಿಗೆಗೆ ಕೊಡುತ್ತಿದ್ದರು. ಪ್ರವಾಸಿಗಳು ಬರುವ ಹೊತ್ತಿಗೆ ಸಂಸಾರ ಕಟ್ಟಿಕೊಂಡು ಹೊರಡಬೇಕಿತ್ತು. ಪಕ್ಕದ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಪ್ರತಿ ಬೇಸಿಗೆ ಮಕ್ಕಳೊಂದಿಗೆ ಗಾಲಿಯ ಮೇಲಿನ ಡಬ್ಬಿಮನೆಯಲ್ಲಿ ಕಳೆಯುತ್ತಾಳೆಂದು ಮಗಳು ಹೇಳಿದಳು.

ಕೊಂಡುಕೊಳ್ಳೋಣವೆಂದರೆ ಲೆಕ್ಕ ಕೂಡುವುದಿಲ್ಲ. ದಲ್ಲಾಳಿಯ ಅಂಗಡಿಯ ಗಾಜಿನಲ್ಲಿ ಅಂಟಿಸಿದ ದರ ಓದಿದೆವು: ಎರಡು ಮಲಗುವ ಕೋಣೆಯ ಹಳೆಯ ಮೀನುಗಾರರ ಮನೆಗೆ ನಾಲ್ಕು ಲಕ್ಷ ಪೌಂಡಿನ ಮೇಲೆ, ಅಂದರೆ ನಮ್ಮ ನಾಲ್ಕು ಕೋಟಿಗೂ ಹೆಚ್ಚು. ಅಲ್ಲಿನ ಬ್ಯಾಂಕು ಸಾಮಾನ್ಯವಾಗಿ ವರ್ಷದ ಆದಾಯದ ನಾಲ್ಕೂವರೆ ಪಟ್ಟು ಸಾಲ ಕೊಡುತ್ತದೆ. ವರ್ಷಕ್ಕೆ 25,000 ಪೌಂಡು ದುಡಿಯುವವನಿಗೆ 1,12,500 ಸಿಕ್ಕೀತು. ಉಳಿದದ್ದು ಎಲ್ಲಿಂದ ತರಬೇಕು? ಕೊಂಡರೂ ಸುಖವಿಲ್ಲ. ಹಳ್ಳಿಗಳಲ್ಲಿ ಬಹಳ ಕಡೆ ಗ್ಯಾಸಿನ ಕೊಳವೆ ಇಲ್ಲ. ಹಿತ್ತಲಿನ ಟಾಕಿಗೆ ಎಣ್ಣೆ ತುಂಬಿಸಿ ಮನೆ ಬೆಚ್ಚಗಿಡಬೇಕು. ಕಲ್ಲುಗೋಡೆ ತೇವ ಹಿಡಿದು ಬೂಷ್ಟು ಬರುತ್ತದೆ. ಬಸ್ಸು ತಪ್ಪಿದರೆ ಮತ್ತೊಂದಕ್ಕೆ ಬಹಳ ಹೊತ್ತು ಕಾಯಬೇಕು.

ಊರಿನವರು ಸುಮ್ಮನೆ ಕೂತಿಲ್ಲ. 2016ರ ಮೇ ತಿಂಗಳಲ್ಲಿ ಮತ ಹಾಕಿ, ಇನ್ನು ಮುಂದೆ ಕಟ್ಟುವ ಹೊಸ ಮನೆಗಳಲ್ಲಿ ಕಾಯಂ ವಾಸಿಗಳೇ ಇರಬೇಕೆಂದು ನಿಯಮ ಮಾಡಿಕೊಂಡರು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರು. ಕೋರ್ಟಿನಲ್ಲೂ ನಿಯಮ ಉಳಿಯಿತು. ಆದರೆ ಅದು ಹಳೆಯ ಮನೆಗಳಿಗೆ ಅನ್ವಯಿಸದು. ಹೊರಗಿನ ಹಣ ಅವುಗಳ ಕಡೆಗೇ ತಿರುಗಿತು. 2025ರ ಏಪ್ರಿಲಿನಿಂದ ಕಾರ್ನ್‌ವಾಲ್ ಕೌನ್ಸಿಲು ಎರಡನೆಯ ಮನೆಗಳ ಕರವನ್ನು ಇಮ್ಮಡಿ ಮಾಡಿದೆ. ಅದಕ್ಕೂ ಒಂದು ಕಿಂಡಿಯುಂಟು. ವರ್ಷಕ್ಕೆ 70 ದಿನ ಪ್ರವಾಸಿಗಳಿಗೆ ಕೊಟ್ಟು, 140 ದಿನ ಬಾಡಿಗೆಗೆ ಲಭ್ಯವಿಟ್ಟರೆ ಆ ಮನೆ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. ಸಣ್ಣ ವ್ಯಾಪಾರಕ್ಕಿರುವ ರಿಯಾಯಿತಿಯಿಂದ ಎಷ್ಟೋ ಮಂದಿ ಏನೂ ಕಟ್ಟಬೇಕಾಗಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಈ ಕಿಂಡಿಯ ಸುದ್ದಿ ಅಳಿಯಂದಿರ ಬಾಯಿಂದ ಕೇಳಿದ ರಾತ್ರಿ ನಾವೂ ಲೆಕ್ಕ ಹಾಕಿದೆವು. ಊರಿನ ಹೊಲ ಮಾರಿ ಒಂದು ಮನೆ ಕೊಂಡರೆ, ಬೇಸಿಗೆಯ ವಾರದ ಬಾಡಿಗೆಯಿಂದ ಎಷ್ಟು ಬಂದೀತು? ಮಗಳ ಕಣ್ಣೀರಿಗೆ ಕಾರಣವಾದ ವ್ಯಾಪಾರವನ್ನೇ ಮಾಡಲು ನಮ್ಮ ಮನಸ್ಸು ಹೊರಟಿತ್ತು. ಬೆಳಿಗ್ಗೆ ಅದನ್ನು ಹೇಳಿದಾಗ ನಮ್ಮ ಮನೆಯವರು ಕೇಳಿದರು: "ಇಲ್ಲಿ ಮಂದೀಗಿ ಬೈತೀವಿ. ನಮ್ಮ ಹಳ್ಳ್ಯಾಗಿನ ಮನೀಗೂ ಕೀಲಿ ಹಾಕೇವಲ್ರಿ?"

ನಮಗೆ ಉತ್ತರ ಹೊಳೆಯಲಿಲ್ಲ. ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಣ್ಣನವರು ತೀರಿಕೊಂಡ ಮೇಲೆ ಹಿರಿಯರ ಮನೆಗೆ ಒಂಬತ್ತು ವರ್ಷದಿಂದ ಕೀಲಿ. ಕನ್ನಡ ಶಾಲೆಯ ಮಾಸ್ತರರೊಬ್ಬರು ಎರಡು ಸಲ ಬಾಡಿಗೆಗೆ ಕೇಳಿದ್ದರು. ಒಳಗೆ ಬಂದವರು ಬಿಟ್ಟಾರೋ ಇಲ್ಲವೋ ಎಂಬ ಅಂಜಿಕೆಯಿಂದ ನಾವು ಕೊಟ್ಟಿರಲಿಲ್ಲ. ಅವರು ದಿನಾಲು ಸೋಲಾಪುರದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ ಮನೆಗಳನ್ನೇ ಮೊದಲು ಎಣಿಸುವುದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆವು. ಎಣಿಕೆ ನಮಗೆ ಸಂಬಂಧಿಸಿದ್ದೆಂದು ತಿಳಿದದ್ದು ಆ ಕತ್ತಲೆಯ ಓಣಿಯಲ್ಲಿ.

ಮಗಳು ಅಳಿಯಂದಿರು 2025ರ ವಸಂತದಲ್ಲಿ ಒಳನಾಡಿನ ಕ್ಯಾಂಬೋರ್ನ್ ಎಂಬ ಹಳೆಯ ಗಣಿಯ ಊರಿಗೆ ಹೋದರು. ಕಡಲು ಕಾಣದು, ಆದರೆ ಬಾಡಿಗೆ ಕಡಿಮೆ, ವರ್ಷವಿಡೀ ನೆರೆಹೊರೆಯವರಿದ್ದಾರೆ. ನಾವು ಊರಿಗೆ ಬಂದು ಮಾಳಿಗೆ ಸೋರುವುದನ್ನು ಸರಿಮಾಡಿಸಿ, ಹನ್ನೊಂದು ತಿಂಗಳ ಕರಾರು ಬರೆಸಿ ಮಾಸ್ತರರಿಗೆ ಕೀಲಿಕೈ ಕೊಟ್ಟೆವು. ಕಳೆದ ದೀಪಾವಳಿಗೆ ಹಳ್ಳಿಗೆ ಹೋದಾಗ ಮಾಡದಲ್ಲಿ ದೀಪವಿತ್ತು. ಅವರ ಹುಡುಗಿ ಪಡಸಾಲೆಯಲ್ಲಿ ಕುಳಿತು ಮಗ್ಗಿ ಬರೆಯುತ್ತಿದ್ದಳು.

ಬಂಧುಗಳೇ, ಪೇಟೆ ಸೇರಿದ ನಮ್ಮಲ್ಲಿ ಬಹಳ ಮಂದಿಗೆ ಹಳ್ಳಿಯಲ್ಲೊಂದು ಕೀಲಿ ಹಾಕಿದ ಮನೆಯುಂಟು. ಮುಂದಿನ ಸಲ ಹೋದಾಗ ಅದನ್ನು ತೆಗೆದು ನೋಡಿರಿ, ಕೇಳಿದವರಿದ್ದರೆ ಕೊಡಿರಿ.