ಬೆಸುಗೆ ಮೆರೆದರೆ ಬಿಂಬ ಮರೆಯಾಗುತ್ತದೆ



ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಅಂಚಿಗಿರುವ ಊರು ಪುಣಜನೂರು. ಅಲ್ಲಿಂದ ಮುಂದೆ ಸ್ವಲ್ಪ ದೂರಕ್ಕೇ ತಮಿಳುನಾಡು. ಈಚೆಯ ಕಾಡು 2011ರಲ್ಲಿ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆಚೆಯದು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಗದದ ಮೇಲೆ ಎರಡು ರಾಜ್ಯ, ಎರಡು ಇಲಾಖೆ, ಎರಡು ಹೆಸರು. ಕಾಡಿಗಾದರೋ ಆ ಗೆರೆಯ ಅರಿವಿಲ್ಲ. ಆನೆಯ ಹಿಂಡು ಗಡಿಯನ್ನು ಲೆಕ್ಕಿಸದೆ ಓಡಾಡುತ್ತದೆ. ಗಡಿಯಾಚೆಯ ತಾಳವಾಡಿಯ ಬೀದಿಗಳಲ್ಲಿ ಕನ್ನಡವೂ ತಮಿಳೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಎರಡು ವಸ್ತುಗಳು ಕೂಡುವ ಎಡೆ ಹೀಗಿರಬೇಕು. ಕೂಡಿಕೆ ಗಟ್ಟಿಯಾಗಿರಬೇಕು, ಕಣ್ಣಿಗೆ ಕುಕ್ಕಬಾರದು.

ಇದೇ ರಸ್ತೆಯ ಒಂದು ಬಗೆಯ ದೃಶ್ಯಗಳು ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಕಬ್ಬು ತುಂಬಿದ ಲಾರಿಯನ್ನು ಆನೆ ತಡೆಯುತ್ತದೆ, ಸೊಂಡಿಲು ಚಾಚಿ ಕಬ್ಬಿನ ಜಲ್ಲೆಗಳನ್ನು ಎಳೆದುಕೊಳ್ಳುತ್ತದೆ, ಹಿಂದೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಇಂತಹ ದೃಶ್ಯವನ್ನು ತಡೆಯಿಲ್ಲದೆ ಎರಡು ನಿಮಿಷ ತೋರಿಸಿದರೆ ನೋಡುವವರಿಗೆ ಕಲಿಯುವುದಕ್ಕೆ ಬಹಳ ಇದೆ. ಆನೆ ಎಷ್ಟು ದೂರದಲ್ಲಿತ್ತು? ಅದರ ಕಿವಿ ಬೀಸುತ್ತಿತ್ತೋ, ನಿಶ್ಚಲವಾಗಿ ಅಗಲಿಸಿಕೊಂಡಿತ್ತೋ? ಜೊತೆಯಲ್ಲಿ ಮರಿಯಿತ್ತೇ? ಚಾಲಕನು ಏನು ಮಾಡಿದನು, ಏನು ಮಾಡದೆ ಸುಮ್ಮನಿದ್ದನು? ಈ ದಾರಿಯಲ್ಲಿ ನಿತ್ಯ ಸಂಚರಿಸುವವರಿಗೆ ಇವು ಪ್ರಾಣದ ಪ್ರಶ್ನೆಗಳು. ಆದರೆ ಕೈಗೆ ಬರುವ ವಿಡಿಯೋದಲ್ಲಿ ಮೂರು ಸೆಕೆಂಡಿಗೊಮ್ಮೆ ಬಿಳಿಯ ಮಿಂಚು ಹೊಡೆಯುತ್ತದೆ. ಚಿತ್ರ ನಡುಗುತ್ತದೆ, ತಿರುಗುತ್ತದೆ, ಚೂರುಚೂರಾಗಿ ಮತ್ತೆ ಕೂಡುತ್ತದೆ. ಆನೆ ಮೊದಲು ದೂರದಲ್ಲಿತ್ತು, ಈಗ ಹತ್ತಿರದಲ್ಲಿದೆ. ನಡುವೆ ಅದು ನಡೆದು ಬಂದಿತೋ, ನುಗ್ಗಿ ಬಂದಿತೋ ತಿಳಿಯದು. ತಿಳಿಯಬೇಕಾದದ್ದು ಆ ಮಿಂಚಿನೊಳಗೆ ಕರಗಿಹೋಗಿದೆ.

ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿಸುವ ಈ ಉಪಾಯಕ್ಕೆ ವಿಡಿಯೋ ಸಂಕಲನಕಾರರು ಟ್ರಾನ್ಸಿಷನ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಸಲ್ಲುವ ಹಳೆಯ ಮಾತೊಂದು ಸಿದ್ಧವಾಗಿಯೇ ಇದೆ: ಸಂಧಿ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಕನ್ನಡ ಸಂಧಿಗಳ ವಿಚಾರ ವಿಸ್ತಾರವಾಗಿ ಬಂದಿದೆ. ಶಾಲೆಯಲ್ಲಿ ಕಲಿತ ಉದಾಹರಣೆಗಳನ್ನೇ ನೆನೆಯಬಹುದು. ಊರು ಎಂಬುದಕ್ಕೆ ಅಲ್ಲಿ ಸೇರಿದರೆ ಊರಲ್ಲಿ; ಒಂದು ಸ್ವರ ಸದ್ದಿಲ್ಲದೆ ಲೋಪವಾಗುತ್ತದೆ. ಮನೆ ಎಂಬುದಕ್ಕೆ ಅಲ್ಲಿ ಸೇರಿದರೆ ಮನೆಯಲ್ಲಿ. ನಡುವೆ ಯಕಾರವೊಂದು ಆಗಮವಾಗುತ್ತದೆ. ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರದ ಎಡೆಗೆ ಗಕಾರ ಆದೇಶವಾಗುತ್ತದೆ. ‘ಅಣ್ಣಾ, ಓಡಿ ಬಾ’ ಎಂದು ಕೂಗುವಲ್ಲಿ ಸಂಧಿಯೇ ಇಲ್ಲ, ಅಲ್ಲಿ ಪ್ರಕೃತಿಭಾವ. ಈ ನಾಲ್ಕರಲ್ಲಿಯೂ ಎದ್ದು ಕಾಣುವ ಗುಣವೆಂದರೆ ಮಿತವ್ಯಯ. ಕೂಡಿಸಲು ಎಷ್ಟು ಬೇಕೋ ಅಷ್ಟೇ ಬದಲಾವಣೆ. ಮನೆಯೂ ಉಳಿಯಬೇಕು, ಅಲ್ಲಿಯೂ ಉಳಿಯಬೇಕು. ‘ಮನೆಯಲ್ಲಿ’ ಎಂದು ಕೇಳಿದವನು ಮನೆಯನ್ನು ನೆನೆಯುತ್ತಾನೆ, ಯಕಾರವನ್ನಲ್ಲ.

ದೃಶ್ಯಸಂಕಲನದಲ್ಲಿಯೂ ಇದೇ ವ್ಯಾಕರಣ ನಡೆಯುತ್ತದೆ. ಒಂದು ದೃಶ್ಯದ ಬೇಡದ ಬಾಲವನ್ನು ಕತ್ತರಿಸಿ ಮುಂದಿನದನ್ನು ನೇರವಾಗಿ ಜೋಡಿಸುವುದು ಕಟ್; ಅದನ್ನು ಲೋಪಸಂಧಿಗೆ ಹೋಲಿಸಬಹುದು. ಒಂದು ದೃಶ್ಯ ಕರಗುತ್ತಿರುವಾಗಲೇ ಇನ್ನೊಂದು ಮೂಡುವುದು ಡಿಸಾಲ್ವ್; ಕಾಲ ಕಳೆಯಿತೆಂದು ಅದು ಮೆಲ್ಲನೆ ಹೇಳುತ್ತದೆ. ಪರದೆ ಪೂರ್ತಿ ಕಪ್ಪಾಗುವುದು ಫೇಡ್. ಅಧ್ಯಾಯ ಮುಗಿಯಿತೆಂಬುದು ಅದರ ಅರ್ಥ. ಹೀಗೆ ಪ್ರತಿಯೊಂದಕ್ಕೂ ಅರ್ಥವಿದೆ. ಪುಟ ಮಗುಚುವುದು, ಹೃದಯಾಕಾರದಲ್ಲಿ ತೆರೆದುಕೊಳ್ಳುವುದು, ಘನಾಕೃತಿಯಾಗಿ ಉರುಳುವುದು, ಮಿಂಚುವುದು, ನಡುಗುವುದು ಇವುಗಳಿಗಾದರೆ ಏನರ್ಥ? ನೂರರಲ್ಲಿ ತೊಂಬತ್ತು ಸಲ ‘ನೋಡಿ, ಇಲ್ಲಿ ಕೂಡಿಸಲಾಗಿದೆ’ ಎಂಬುದನ್ನು ಬಿಟ್ಟು ಬೇರೆ ಅರ್ಥ ಅವುಗಳಲ್ಲಿ ಸಿಗುವುದಿಲ್ಲ.

ಇದರಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಮದುವೆಯ ವಿಡಿಯೋ ಮೂರು ಗಂಟೆಯದೆಂದು ಇಟ್ಟುಕೊಳ್ಳಿ. ಅಂದರೆ 10,800 ಸೆಕೆಂಡು. ಸರಾಸರಿ 12 ಸೆಕೆಂಡಿಗೊಂದು ದೃಶ್ಯವೆಂದರೆ ಸುಮಾರು 900 ಬೆಸುಗೆಗಳಾದವು. ಪ್ರತಿ ಬೆಸುಗೆಗೂ ಒಂದೂವರೆ ಸೆಕೆಂಡಿನ ಟ್ರಾನ್ಸಿಷನ್ ಹಾಕಿದರೆ ಒಟ್ಟು 1,350 ಸೆಕೆಂಡು, ಎಂದರೆ 22 ನಿಮಿಷ 30 ಸೆಕೆಂಡು. ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕದಲ್ಲಿ 33,750 ಚಿತ್ರಗಳು ತಿರುಚಿಕೊಂಡು, ಮಗುಚಿಕೊಂಡು, ಒಡೆದುಕೊಂಡು ಹೋದವು. ಈ ಅವಧಿಯುದ್ದಕ್ಕೂ ಪರದೆಯ ಮೇಲೆ ಎರಡು ದೃಶ್ಯಗಳು ಒಂದನ್ನೊಂದು ಮೆಟ್ಟಿಕೊಂಡಿರುವುದರಿಂದ ಹಿಂದಿನದರ ಕೊನೆಯೂ ಮುಂದಿನದರ ಮೊದಲೂ ಕೆಡುತ್ತವೆ.

ಲೆಕ್ಕಕ್ಕೆ ಸಿಗದ ನಷ್ಟ ಇನ್ನೂ ದೊಡ್ಡದು. ಮದುವೆಯ ದಿನ ವಿಡಿಯೋವನ್ನು ಯಾರೂ ಆತುರದಿಂದ ಕೇಳುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಮನೆಯವರು ಅದನ್ನು ಹುಡುಕಿ ತೆಗೆಯುತ್ತಾರೆ. ಆಗ ಅವರು ನೋಡಬಯಸುವುದು ವಧೂವರರನ್ನಲ್ಲ. ಅವರು ಮನೆಯಲ್ಲೇ ಇದ್ದಾರೆ. ಅಕ್ಷತೆ ಹಾಕುವಾಗ ಒಂದು ಗಳಿಗೆ ಕ್ಯಾಮೆರಾದತ್ತ ತಿರುಗಿ ನಕ್ಕ ಅಜ್ಜಿಯನ್ನು, ಚಪ್ಪರದ ಕಂಬಕ್ಕೊರಗಿ ನಿಂತಿದ್ದ ಸೋದರಮಾವನನ್ನು, ಸೋಬಾನೆಯ ಮೊದಲ ನುಡಿ ಎತ್ತಿಕೊಟ್ಟ ಮುತ್ತೈದೆಯನ್ನು. ಆ ಅಜ್ಜಿ ಆ ಮೂರು ಗಂಟೆಯಲ್ಲಿ ಕಾಣಿಸಿಕೊಂಡದ್ದು ನಾಲ್ಕೇ ಸೆಕೆಂಡು. ಬರುವಾಗ ಅವರ ಮುಖ ಹೂವಿನ ಪಕಳೆಗಳಿಂದ ಜೋಡಿಸಿಕೊಂಡು ಬಂದಿತು. ಹೋಗುವಾಗ ಪುಟದಂತೆ ಸುರುಳಿ ಸುತ್ತಿಕೊಂಡು ಹೋಯಿತು. ನಡುವೆ ಉಳಿದದ್ದು ಒಂದು ಸೆಕೆಂಡು. ಅದೊಂದು ಸೆಕೆಂಡಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನಿಲ್ಲಿಸಿ ನೋಡುವ ಮಕ್ಕಳ ಸಂಕಟಕ್ಕೆ ಯಾವ ಎಫೆಕ್ಟ್ ಸಮಾಧಾನ ಹೇಳೀತು?

ಹಾಗೆಂದು ಎಲ್ಲ ದೋಷವನ್ನೂ ಸಂಕಲನಕಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಕಾಲದಲ್ಲಿ ಚಿತ್ರವನ್ನು ತಿರುಗಿಸುವ, ಮಗುಚುವ ಯಂತ್ರಗಳು ದೊಡ್ಡ ದೂರದರ್ಶನ ಕೇಂದ್ರಗಳಿಗೆ ಮಾತ್ರ ಎಟುಕುತ್ತಿದ್ದವು. 1990ರಲ್ಲಿ ಅಮೆರಿಕದ ನ್ಯೂಟೆಕ್ ಸಂಸ್ಥೆಯ ವಿಡಿಯೋ ಟೋಸ್ಟರ್ ಎಂಬ ಉಪಕರಣ ಆ ಚಮತ್ಕಾರಗಳನ್ನು ಅಗ್ಗವಾಗಿ ಸಣ್ಣ ಸ್ಟುಡಿಯೋಗಳ ಕೈಗಿತ್ತಿತು. ಬಳಿಕ ಪ್ರೀಮಿಯರ್, ಪಿನಾಕಲ್, ಎಡಿಯಸ್ ಮೊದಲಾದ ತಂತ್ರಾಂಶಗಳು ತಾಲ್ಲೂಕು ಕೇಂದ್ರದ ಅಂಗಡಿಗಳವರೆಗೂ ಬಂದವು. ಅವುಗಳೊಡನೆ ನೂರಾರು ಟ್ರಾನ್ಸಿಷನ್‌ಗಳು ಸಿದ್ಧವಾಗಿಯೇ ಬಂದವು. ಇಂದು ಕೈನ್‌ಮಾಸ್ಟರ್, ಇನ್‌ಶಾಟ್‌ನಂತಹ ಆ್ಯಪ್‌ಗಳಲ್ಲಿ ಬೆರಳು ತಾಗಿಸಿದರೆ ಸಾಕು. ಹಣ ಕೊಡುವ ಯಜಮಾನರೂ ‘ಎಫೆಕ್ಟ್ ಚೆನ್ನಾಗಿ ಹಾಕಪ್ಪ’ ಎಂದೇ ಹೇಳುತ್ತಾರೆ. ನೇರವಾಗಿ ಕತ್ತರಿಸಿ ಜೋಡಿಸಿದರೆ ‘ಏನೂ ಕೆಲಸವೇ ಮಾಡಿಲ್ಲ’ ಎಂದು ಮುಖ ಸಣ್ಣದು ಮಾಡುತ್ತಾರೆ. ರಾತ್ರಿಯೆಲ್ಲ ಕುಳಿತು ನೂರು ದೃಶ್ಯಗಳಿಂದ ಹತ್ತನ್ನು ಆರಿಸಿದ ಶ್ರಮ ಕಣ್ಣಿಗೆ ಕಾಣದು. ಒಂದು ಗುಂಡಿ ಒತ್ತಿ ತಂದ ಮಿಂಚು ಕಾಣುತ್ತದೆ. ಹೀಗಿರುವಾಗ ಹೊಟ್ಟೆಪಾಡಿನ ಹುಡುಗ ಮಿಂಚನ್ನೇ ಆರಿಸಿಕೊಂಡರೆ ಅಚ್ಚರಿಯೇನು?

ವಾಲ್ಟರ್ ಮರ್ಚ್ ಎಂಬ ಅಮೆರಿಕದ ಹೆಸರಾಂತ ಸಂಕಲನಕಾರರು 1995ರಲ್ಲಿ ಪ್ರಕಟವಾದ ‘ಇನ್ ದ ಬ್ಲಿಂಕ್ ಆಫ್ ಆನ್ ಐ’ ಎಂಬ ಪುಸ್ತಕದಲ್ಲಿ ಕಟ್ಟನ್ನು ಕಣ್ಣೆವೆ ಮಿಟುಕಿಸುವುದಕ್ಕೆ ಹೋಲಿಸಿದ್ದಾರೆ. ಒಂದು ಆಲೋಚನೆ ಮುಗಿದು ಇನ್ನೊಂದು ಹುಟ್ಟುವಲ್ಲಿ ಮನುಷ್ಯನ ಎವೆ ತಾನಾಗಿ ಮುಚ್ಚಿ ತೆರೆಯುತ್ತದೆ. ಒಳ್ಳೆಯ ಕಟ್ ಬೀಳುವುದೂ ಅಲ್ಲಿಯೇ ಎಂಬುದು ಅವರ ಮತ. ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಲು ಅವರು ಆರು ಅಂಶಗಳನ್ನು ಹೇಳಿ, ಭಾವಕ್ಕೆ ನೂರಕ್ಕೆ 51, ಕಥೆಗೆ 23, ಲಯಕ್ಕೆ 10 ಎಂದು ತೂಕ ಕೊಟ್ಟಿದ್ದಾರೆ. ನೋಟ ಹರಿಯುವ ದಾರಿ, ಪರದೆಯ ಸಮತಲ, ಸ್ಥಳದ ಮೂರು ಆಯಾಮಗಳು ಈ ಮೂರೂ ಸೇರಿ ಉಳಿದ 16. ಆ ಪಟ್ಟಿಯಲ್ಲಿ ಚಮತ್ಕಾರಕ್ಕೆ ಒಂದು ಅಂಕವೂ ಇಲ್ಲ.

ಚಾಮರಾಜನಗರ ಸೀಮೆಯ ಕಲೆಯಾದ ಬೀಸು ಕಂಸಾಳೆಯನ್ನು ಚಿತ್ರೀಕರಿಸಿದಾಗ ಈ ಮಾತಿನ ಸತ್ಯ ಚೆನ್ನಾಗಿ ಮನವರಿಕೆಯಾಗುತ್ತದೆ. ಮಲೆಯ ಮಾದಪ್ಪನ ಗುಡ್ಡರು ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳವನ್ನು, ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳವನ್ನು ಹಿಡಿದು ಬೀಸುತ್ತಾ, ಬಾಗುತ್ತಾ, ಪಕ್ಕದವನ ತಾಳಕ್ಕೆ ತಮ್ಮ ತಾಳ ತಾಗಿಸುತ್ತಾ ಕುಣಿಯುತ್ತಾರೆ. ಅದರ ಬೆಡಗು ಇರುವುದೇ ಸಂಧಿಯಲ್ಲಿ: ಬೀಸಿದ ಕಂಚು ಗಾಳಿಯಲ್ಲಿ ಸುತ್ತಿ, ಸರಿಯಾದ ಗಳಿಗೆಗೆ, ಸರಿಯಾದ ಎಡೆಗೆ ಬಂದು ಕೂಡುವುದರಲ್ಲಿ. ವರ್ಷಗಟ್ಟಲೆ ಸಾಧಿಸಿದ ವಿದ್ಯೆ ಅದು. ಅದರ ಮೇಲೆ ಗಿರಗಿರನೆ ತಿರುಗುವ ಟ್ರಾನ್ಸಿಷನ್ ಹೇರಿದರೆ ತಿರುಗಿದ್ದು ಕಲಾವಿದನೋ ಪರದೆಯೋ ತಿಳಿಯದು. ಕಂಚು ಕಂಚಿಗೆ ತಾಗುವ ಕ್ಷಣದಲ್ಲಿ ಮಿಂಚು ಹೊಡೆದರೆ ತಾಗಿದ್ದೇ ಕಾಣದು. ಯಂತ್ರದ ಬೆಡಗು ಮನುಷ್ಯನ ಬೆಡಗನ್ನು ನುಂಗಿತು. ಅಂತಹ ಕುಣಿತದ ಮುಂದೆ ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ಪಾದದಿಂದ ತಲೆಯವರೆಗೆ ಕಾಣುವಂತೆ ಹಿಡಿದು, ಹಾಡಿನ ಸೊಲ್ಲು ಮುಗಿಯುವವರೆಗೆ ಕತ್ತರಿಸದಿರುವುದೇ ಉತ್ತಮ ಸಂಕಲನ.

ಆಡಂಬರದ ಸಂಧಿಗೆ ಎಡೆಯೇ ಇಲ್ಲವೆಂದಲ್ಲ. ಯಕ್ಷಗಾನದ ಒಡ್ಡೋಲಗದಲ್ಲಿ ಪ್ರಮುಖ ವೇಷವು ತೆರೆಯ ಹಿಂದಿನಿಂದ ಮೊದಲು ಕಿರೀಟ, ಆಮೇಲೆ ಮುಖ ತೋರುತ್ತಾ ಪ್ರವೇಶಿಸುತ್ತದೆ. ಅದು ಬೆರಗುಗೊಳಿಸುವ ಸಂಧಿಯೇ ಸರಿ. ಆದರೆ ಬಂದುಹೋಗುವ ಪ್ರತಿ ದೂತನಿಗೂ ತೆರೆ ಹಿಡಿದರೆ ರಾಜನು ಬಂದಾಗ ಏನು ಹಿಡಿಯುವುದು? ಜಪಾನಿನ ಅಕಿರ ಕುರೊಸಾವ ಅವರು ಒಂದು ದೃಶ್ಯವನ್ನು ಇನ್ನೊಂದು ಒರೆಸಿಕೊಂಡು ಬರುವ ವೈಪನ್ನು ಇಷ್ಟಪಟ್ಟು ಬಳಸಿದರು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿಯೂ ಅದು ಕಾಣುತ್ತದೆ. ಅಲ್ಲಿ ಅದು ಕಥೆಯ ಓಟಕ್ಕೆ ಹೊಂದಿಕೊಂಡ ಒಂದೇ ಬಗೆಯ ನಡೆ. ಸಿಕ್ಕಿದ್ದನ್ನೆಲ್ಲ ಸುರಿದ ಸಂತೆಯಲ್ಲ. ಕನ್ನಡದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರಲ್ಲಿ ಬಂದು ಸ್ವರ್ಣಕಮಲ ಪಡೆಯಿತು. ಕಪ್ಪುಬಿಳುಪಿನ ಆ ಚಿತ್ರವನ್ನು ಅರ್ಧ ಶತಮಾನದ ಬಳಿಕವೂ ನೋಡಿದವರು ನೆನೆಯುವುದು ಒಬ್ಬ ಹುಡುಗನ ಕಣ್ಣನ್ನು, ಒಬ್ಬ ವಿಧವೆಯ ಮೌನವನ್ನು.

ವಚನಗಳನ್ನು ಓದುವವರಿಗೆ ಸಂಕಲನದ ಮಹಾಮಾದರಿಯೊಂದು ಮನೆಯಲ್ಲಿಯೇ ಇದೆ. ಶೂನ್ಯಸಂಪಾದನೆಯನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲಿಗೆ ಸಂಪಾದಿಸಿದರು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಬೇರೆಬೇರೆ ಶರಣರು ಬೇರೆಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಎದುರುಬದುರಾಗಿ ಕೂರಿಸಿ, ನಡುವೆ ಗದ್ಯದ ಕಿರುಸೇತುವೆಗಳನ್ನು ಕಟ್ಟಿ, ಜೀವಂತ ಸಂವಾದವನ್ನಾಗಿ ಮಾಡಿದ ಕಾರ್ಯ ಅದು. ಓದಿದವರ ಮನಸ್ಸಿನಲ್ಲಿ ನಿಲ್ಲುವುದು ವಚನ. ಸೇತುವೆ ದಾಟಿಸಿ ಹಿಂದೆ ಸರಿಯುತ್ತದೆ. ಸಂಪಾದಕನ ಜಾಣ್ಮೆಯೂ ವಿನಯವೂ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಿಂಚುವ ಟ್ರಾನ್ಸಿಷನ್‌ಗಳ ಬಗ್ಗೆ ರುಚಿಯನ್ನು ಮೀರಿದ ಎಚ್ಚರಿಕೆಯೊಂದೂ ಅಗತ್ಯ. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಕಂತು ಪ್ರಸಾರವಾದಾಗ, ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿದ ದೃಶ್ಯವನ್ನು ನೋಡಿ ಸುಮಾರು 685 ಜನ, ಬಹುಪಾಲು ಮಕ್ಕಳು, ಆಸ್ಪತ್ರೆಗೆ ಸಾಗಿಸಲ್ಪಟ್ಟರು. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಪ್ರಕೃತಿ ಕೆಲವರಿಗಿರುತ್ತದೆ. ಆದುದರಿಂದ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ತೀವ್ರವಾಗಿ ಮಿಂಚಿಸಬಾರದೆಂಬುದು ಇಂದು ಅಂತರ್ಜಾಲಕ್ಕೂ ಅನ್ವಯಿಸುವ ಅಂಗೀಕೃತ ನಿಯಮ. ಮನೆಮಂದಿಯೆಲ್ಲ ಕೂತು ನೋಡುವ ಜಾತ್ರೆಯ, ನಾಮಕರಣದ ವಿಡಿಯೋದಲ್ಲಿ ಈ ಅಪಾಯವೇಕೆ? ಇನ್ನೊಂದು ಲೌಕಿಕ ಕಾರಣವೂ ಉಂಟು. ಮೊಬೈಲಿನಲ್ಲಿ ಕಳುಹಿಸುವಾಗ ವಿಡಿಯೋ ಕುಗ್ಗುತ್ತದೆ. ಹಿಂದಿನ ಚೌಕಟ್ಟಿಗೂ ಮುಂದಿನದಕ್ಕೂ ಹೋಲಿಕೆಯಿದ್ದಷ್ಟು ಕುಗ್ಗಿಸುವುದು ಸುಲಭ. ಮಿಂಚು, ಕಿಡಿ, ಚೂರುಗಳು ಆ ಹೋಲಿಕೆಯನ್ನು ಮುರಿಯುವುದರಿಂದ ಅಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ಮಸುಕಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಸಂಕಲನಕ್ಕೆ ಕುಳಿತವರು ಮೊದಲ ಸುತ್ತಿನಲ್ಲಿ ಇಡೀ ವಿಡಿಯೋವನ್ನು ಬರಿಯ ಕಟ್‌ಗಳಿಂದಲೇ ಜೋಡಿಸಲಿ. ಅದನ್ನು ಒಮ್ಮೆ ನೋಡಲಿ. ಎಲ್ಲಿ ಕಾಲ ದಾಟಿದೆಯೋ ಅಲ್ಲಿ ಡಿಸಾಲ್ವ್, ಎಲ್ಲಿ ಅಧ್ಯಾಯ ಮುಗಿದಿದೆಯೋ ಅಲ್ಲಿ ಫೇಡ್ ಹಾಕಲಿ. ಎರಡು ದೃಶ್ಯ ಕೂಡದೆ ಎಡವಿದರೆ, ಅದನ್ನು ಎಫೆಕ್ಟಿನಿಂದ ಮುಚ್ಚುವ ಮೊದಲು ನಡುವೆ ಇಡಬಹುದಾದ ಮೂರನೆಯ ದೃಶ್ಯವೊಂದಿದೆಯೇ ಎಂದು ಹುಡುಕಲಿ: ತೋರಣ, ದೀಪ, ಎಲೆಯ ಮುಂದೆ ಕಾದು ಕುಳಿತ ಮಗು. ವಿಡಿಯೋ ಮಾಡಿಸುವ ಗೃಹಸ್ಥರು ‘ಎಫೆಕ್ಟ್ ಹಾಕು’ ಎನ್ನುವ ಬದಲು, ‘ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಹತ್ತು ಹತ್ತು ಸೆಕೆಂಡು ತೋರಿಸಪ್ಪ, ನಡುವೆ ಏನೂ ತರಬೇಡ’ ಎಂದು ಹೇಳಲಿ. ಹಾಗೆ ಮಾಡಿಕೊಟ್ಟವನ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡದಿರಲಿ. ಕಣ್ಣಿಗೆ ಕಾಣದ ಕೆಲಸಕ್ಕೆ ಕಾಸು ಕೊಡುವುದೂ ಕಾಯಕಕ್ಕೆ ಸಲ್ಲಿಸುವ ಗೌರವವೇ ಆಗಿದೆ.