ಹೊಳೆಬಾಗಿಲಿನ ಲಾಂಚ್

ಬಸ್ಸು ನೀರಿನ ಮೇಲೆ ಹೋಗುವುದು ಸಾಗರದ ಕಡೆಯವರಿಗೆ ಸೋಜಿಗವೇ ಆಗಿರಲಿಲ್ಲ. ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ಇಳಿಜಾರಿನಲ್ಲಿ ಸಿಗಂದೂರಿನ ಬಸ್ಸು ಜನರನ್ನೆಲ್ಲ ಇಳಿಸಿ, ಹಿಂದೆ ಮುಂದೆ ತೂಗಾಡಿ, "ಬರ್ಲಿ, ಬರ್ಲಿ, ಹಾಂ ಸಾಕು" ಎಂಬ ಕ್ಲೀನರನ ಕೂಗಿಗೆ ಲಾಂಚ್ ಏರಿ ನಿಲ್ಲುತ್ತಿತ್ತು. ಅದರ ಮಗ್ಗುಲಿಗೆ ಜೀಪು, ಬೈಕು, ಅಡಿಕೆ ಚೀಲ, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತು ಬಂದ ದೂರದೂರಿನ ಕುಟುಂಬ. ಅದೃಷ್ಟವಿದ್ದರೆ ಇಡೀ ಮದುವೆ ದಿಬ್ಬಣ. ಮಳೆಗಾಲದಲ್ಲಿ ಆಚೆ ದಡವೇ ಕಾಣದಷ್ಟು ಮಂಜು. ಆ ಮಂಜಿನೊಳಗೆ ಕಂಬಿ ಹಿಡಿದು ನಿಂತು ಹೋಗುವಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಪುಳಕಕ್ಕೆ ನಾವು ದುಡ್ಡು ಕೊಡುತ್ತಿದ್ದದ್ದು ಚಿಲ್ಲರೆ ಕಾಸು.

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಈಗ ಹಿನ್ನೀರು ದಾಟಲು ಕೆಲವೇ ನಿಮಿಷ. ಕಿಟಕಿ ಗಾಜು ಇಳಿಸುವಷ್ಟರಲ್ಲಿ ಆಚೆ ದಡದ ತುಮರಿಯ ದಾರಿ.

ಲಾಂಚಿನ ಕಾಲ ಮುಗಿದದ್ದು ಬೇಸರ ಎಂದು ಆ ಭಾಗದವರ ಎದುರು ಬಾಯಿಬಿಟ್ಟರೆ ಬೈಸಿಕೊಳ್ಳುವುದು ಖಂಡಿತ. ಕಳಸವಳ್ಳಿ ಕಡೆಯ ಹಿರಿಯರೊಬ್ಬರು ಬೈಯಲಿಲ್ಲ, ಕೇಳಿದರು ಅಷ್ಟೇ: "ನಿಮಗೆಂತ ಮಾರಾಯ್ರೆ, ಒಂದಿನ ಬಂದು ಫೋಟೋ ಹೊಡ್ಕಂಡು ಹೋಗ್ತ್ರಿ. ರಾತ್ರಿ ಹೊತ್ತು ಬಸುರಿ ಹೆಂಗಸನ್ನ ಇಟ್ಕಂಡು ಈ ದಡದಾಗೆ ಕೂತಿದೀರಾ?" ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿದಾಗ ಆಚೆ ದಡದ ಕರೂರು ಸೀಮೆಯವರು ಕೇಳಿ ದ್ವೀಪದವರಾಗಲಿಲ್ಲ. ನಾಡಿಗೆ ಬೆಳಕು ಕೊಟ್ಟು ಸಾಗರ ಪೇಟೆಗೆ ಹೋಗಿಬರಲು ಲಾಂಚಿನ ವೇಳಾಪಟ್ಟಿ ನೋಡುತ್ತ ಕೂತರು. ಮುಳುಗಿದವರ ಕಥೆಯನ್ನು ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. ಮುಳುಗದೆ ಉಳಿದು ಕಾದವರ ಕಥೆ ಲಾಂಚಿನ ಹಲಗೆ ಬೆಂಚಿನ ಮೇಲೆಯೇ ಸವೆಯಿತು.

ಆದರೂ ಆ ಕಾಯುವಿಕೆಗೆ ಇನ್ನೊಂದು ಕೆಲಸವಿತ್ತು, ಯಾರೂ ಅದಕ್ಕೆ ವಹಿಸದ ಕೆಲಸ. ಒಂದು ಲಾಂಚಿಗೆ ಹಿಡಿಸುವಷ್ಟು ಗಾಡಿ ಮಾತ್ರ ಒಮ್ಮೆಗೆ ಆಚೆ ಹೋಗುತ್ತಿತ್ತು. ಭಾನುವಾರದ ಸಾಲು ನೋಡಿಯೇ ಎಷ್ಟೋ ಕಾರುಗಳು ಜೋಗದ ಕಡೆ ತಿರುಗುತ್ತಿದ್ದವು. ಸಂಜೆ ಕೊನೆಯ ಲಾಂಚ್ ಹೋಯಿತೆಂದರೆ ಆಚೆಯ ಕಾಡಿಗೆ ಹೊರಗಿನ ಹೆಡ್‌ಲೈಟು ಬೀಳುತ್ತಿರಲಿಲ್ಲ. ಮುಂಗಾರು ತಡವಾದ ವರ್ಷ ನೀರು ತಳಕ್ಕಿಳಿದು, ವಾಹನ ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದರು. ಅಂಥ ಬೇಸಿಗೆಗಳಲ್ಲೇ ಲಿಂಗನಮಕ್ಕಿ ನುಂಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಬರುವುದು. ಒಂದು ಅಣೆಕಟ್ಟಿನ ಹೊಟ್ಟೆಯಲ್ಲಿ ಇನ್ನೊಂದು ಅಣೆಕಟ್ಟು. ಇಂಥ ವಿಚಿತ್ರಕ್ಕೆ ಮರುಳಾಗಿ, ಕೆಸರು ತುಳಿದು ನಡೆದುಹೋಗಿ ನೋಡುವ ನಮ್ಮಂಥವರ ಸಾಹಸವೂ ಏನು ಕಮ್ಮಿ ಅಪರಾಧವಲ್ಲ: ನಾವು ಹೊಗಳಿದ್ದಕ್ಕೇ ಹಿಂದಿನಿಂದ ನೂರು ಕಾರು ಬಂದವು.

ಈಗ ತಡೆಯುವ ನೀರಿಲ್ಲ. ರಸ್ತೆ ಅಗಲವಾಗುತ್ತದೆ, ರೆಸಾರ್ಟ್ ಬರುತ್ತದೆ, ಹಿನ್ನೀರಿನ ಅಂಚಿಗೆ ಪ್ಲಾಸ್ಟಿಕ್ ಲೋಟ ಬರುತ್ತದೆ. ಇದೇ ಕಣಿವೆಯ ಕೆಳಭಾಗದಲ್ಲಿ, ಸಿಂಗಳೀಕಗಳಿಗೆಂದು ಘೋಷಿಸಿದ ಅಭಯಾರಣ್ಯದೊಳಗೆ, ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಮಾಡುವ ಮಾತು ನಡೆದಿದೆ. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಮರದಿಂದ ಮರಕ್ಕೇ ಅದರ ದಾರಿ. ಮಧ್ಯೆ ನಾಲ್ಕು ಮರ ಹೋದರೆ ದಾರಿಯೇ ಹೋಯಿತು. ಅದಕ್ಕೆ ಯಾರು ಸೇತುವೆ ಕಟ್ಟುತ್ತಾರೆ?

ಸೇತುವೆಗಾಗಿ ಆರು ದಶಕ ಕಾದವರಿಗೆ ಅದು ಸಿಗಬೇಕಾದದ್ದೇ. ನನ್ನ ತಕರಾರು ಸೇತುವೆಯ ಮೇಲೆ ನನ್ನ ಹಿಂದೆ ಬರುವ ಗಾಡಿಗಳ ಬಗ್ಗೆ, ನನ್ನದೂ ಸೇರಿದಂತೆ. ತುಮರಿಯವರಿಗೆ, ಆಂಬುಲೆನ್ಸಿಗೆ, ಬಸ್ಸಿಗೆ ಸೇತುವೆ ಇರಲಿ. ಪ್ರವಾಸಿಗಳು ಕಾರನ್ನು ಈಚೆ ದಡದಲ್ಲೇ ಬಿಟ್ಟು ಲಾಂಚಿಗೆ ಕಾಯಲಿ, ಗಂಟೆಗಟ್ಟಲೆ ಬೇಕಾದರೂ.